ದಾವಣಗೆರೆ, ದುರ್ಗದಿಂದ ಅಮೆರಿಕಕ್ಕೆ ಬಂದವರಿಗೆ: ಬಂದೂಕಿನ ಮಾತು ಬಂದಾಗ

ಊರಲ್ಲಿ ಕೋವಿ ಅಂದರೆ ಡಿಸಿ ಆಫೀಸಿನ ಲೈಸೆನ್ಸು. ಬೆಳೆಗೆ ಹಂದಿ ನುಗ್ಗುತ್ತದೆ ಅಂತ ಅರ್ಜಿ ಹಾಕಿದವನೇ ಯಾಕೆ ಬೇಕೆಂದು ಒಪ್ಪಿಸಬೇಕು. ಚುನಾವಣೆ ಬಂತೆಂದರೆ ಠಾಣೆಗೆ ಜಮಾ ಮಾಡಬೇಕು. ಅಮೆರಿಕದಲ್ಲಿ ಲೆಕ್ಕ ತಿರುವುಮುರುವು. ಸಂವಿಧಾನದ 1791ರ ಎರಡನೇ ತಿದ್ದುಪಡಿಯ ಪ್ರಕಾರ ಅದು ಹಕ್ಕು. ಆತ್ಮರಕ್ಷಣೆಗೆ ಮನೆಯಲ್ಲಿ ಇಟ್ಟುಕೊಳ್ಳುವುದೂ ಅದರೊಳಗೆ ಬರುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟಿನ 2008ರ ಹೆಲ್ಲರ್ ತೀರ್ಪು ಹೇಳಿತು.

ಆಫೀಸಿನ ಊಟದ ಹೊತ್ತಿಗೆ ಬಂದೂಕು ಬೇಕೇ ಬೇಡವೇ ಎಂಬ ವಾದ ಎದ್ದರೆ, ಎದುರಿನವರಿಗೆ ಯಾವುದರ ಹೆದರಿಕೆ ಅಂತ ಮೊದಲು ಕೇಳಿಸಿಕೊಳ್ಳಿ. ಒಬ್ಬರಿಗೆ ರಾತ್ರಿ ಬಾಗಿಲು ಒಡೆದು ಬರುವವನ ಭಯ, ಪೊಲೀಸರು ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂಬ ಭಯ. ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಿಂಡಿಯಲ್ಲಿ ನುಸುಳುವ ವೈರಿ, ಒನಕೆ ಹಿಡಿದ ಓಬವ್ವ: ಎದುರಿನವರ ತಲೆಯಲ್ಲಿರುವ ಚಿತ್ರ ಅದೇ. ಅಲ್ಲಿನ ಸಮೀಕ್ಷೆಗಳಲ್ಲಿ, ಬಂದೂಕು ಇಟ್ಟುಕೊಂಡಿರುವುದಕ್ಕೆ ರಕ್ಷಣೆಯೇ ಮುಖ್ಯ ಕಾರಣ ಎಂದವರು 1999ರಲ್ಲಿ ಶೇ 26, 2013ರಲ್ಲಿ ಶೇ 48. ಆ ನಡುವೆ ಬೇಟೆಗಾಗಿ ಎನ್ನುವವರು ಕಡಿಮೆಯಾದರು. ಇನ್ನೊಬ್ಬರಿಗೆ ಮಗಳ ಶಾಲೆಯ ಭಯ. ಅಲ್ಲಿ ಮಕ್ಕಳಿಗೆ ಲಾಕ್‌ಡೌನ್ ಡ್ರಿಲ್ (ಬಂದೂಕು ಹಿಡಿದವನು ನುಗ್ಗಿದರೆ ಬಾಗಿಲು ಹಾಕಿ ಅಡಗುವ ಅಭ್ಯಾಸ) ಇರುತ್ತದೆ, ನಿಮ್ಮ ಮಗುವೂ ಮನೆಗೆ ಬಂದು ಅದನ್ನು ಹೇಳುತ್ತದೆ.

ಮೂರನೆಯದು, ಸರ್ಕಾರ ಕಿತ್ತುಕೊಳ್ಳುತ್ತದೆ ಎಂಬ ಭಯ. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡಿನ ದಾಳಿಗೆ 20 ಮಕ್ಕಳು, 6 ಸಿಬ್ಬಂದಿ ಸತ್ತರು. ನಿಷೇಧದ ಮಾತು ಎದ್ದದ್ದೇ ತಡ, ಅಂಗಡಿಗಳಲ್ಲಿ ಮಾರಾಟ ಏರಿತು. ಒಬ್ಬರ ಭಯಕ್ಕೆ ಕಂಡ ಪರಿಹಾರವೇ ಇನ್ನೊಬ್ಬರ ಭಯ. ವಾದ ಮುಂದೆ ಸರಿಯದಿರುವುದು ಇಲ್ಲಿಯೇ.

ಅಂಕಿ ಬೇರೆ ಕಡೆ ಬೆರಳು ಮಾಡುತ್ತದೆ. 2021ರಲ್ಲಿ ಗುಂಡಿಗೆ ಸತ್ತವರು 48,830, ಅದರಲ್ಲಿ 26,328 ಆತ್ಮಹತ್ಯೆ. ಟಿವಿಯಲ್ಲಿ ಕಾಣದ ಸಾವುಗಳಿವು. ಹಾಗಾಗಿ ಮಗುವನ್ನು ಆಟಕ್ಕೆ ಕಳಿಸುವ ಮುಂಚೆ ಆ ಮನೆಯವರಿಗೆ ಮೆಸೇಜ್ ಹಾಕಿ ಕೇಳಿ: ಬಂದೂಕಿದೆಯೇ, ಬೀಗದಲ್ಲಿದೆಯೇ, ಗುಂಡು ಬೇರೆ ಕಡೆ ಇದೆಯೇ? ಅಲರ್ಜಿ ಬಗ್ಗೆ ಕೇಳಿದಷ್ಟೇ ಸಹಜವಾಗಿ ಕೇಳಬಹುದು, ಸಂಕೋಚ ಬೇಡ. ಮನಸ್ಸು ಕುಸಿದವರಿದ್ದರೆ ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಕರೆ ಮಾಡಬಹುದು.

ಇನ್ನು ನಿಮ್ಮ ವಿಷಯ. ಕೆಲಸದ ಎಚ್-1ಬಿ, ಅವರ ಕುಟುಂಬದ ಎಚ್-4, ವಿದ್ಯಾರ್ಥಿಗಳ ಎಫ್-1 ವೀಸಾದವರು ಬಂದೂಕಾಗಲಿ ಗುಂಡಾಗಲಿ ಹೊಂದುವುದು ಫೆಡರಲ್ ಅಪರಾಧ. ಶಿಕ್ಷೆ 15 ವರ್ಷದವರೆಗೆ. ಬಂದೂಕು ಕೊಳ್ಳುವಾಗ ಅಂಗಡಿಯಲ್ಲಿ ತುಂಬುವ 4473 ಫಾರಂನಲ್ಲಿ ವೀಸಾ ಪ್ರಶ್ನೆ ಇದೆ, ಸುಳ್ಳು ಬರೆದರೆ ಅದೇ ಇನ್ನೊಂದು ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ಹೊಸಬರು ಜಾರುವುದು ಶೂಟಿಂಗ್ ರೇಂಜಿನಲ್ಲಿ. ಬಾಡಿಗೆಗೆ ಪಡೆದು ಒಂದು ತಾಸು ಹಿಡಿದರೂ ಕಾನೂನಿನ ಕಣ್ಣಿಗೆ ಅದು ಹೊಂದಿದಂತೆಯೇ. ಟೀಮ್ ಔಟಿಂಗ್ ಅಂತ ಕರೆದರೆ ಕಾರಣ ಹೇಳಿ ಹಿಂದೆ ಸರಿಯಿರಿ. ಆಯುಧಪೂಜೆಗೆ ಗೆಳೆಯನ ಬಂದೂಕು ಹಿಡಿದು ವಾಟ್ಸಾಪ್‌ಗೆ ಫೋಟೋ ಹಾಕಿದರೆ ಸಾಕ್ಷಿ ನೀವೇ ಒದಗಿಸಿದಂತೆ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು, ಆದರೆ ಬಂದೂಕು ಸಂಬಂಧಿತ ಅಪರಾಧ ಸಾಬೀತಾದರೆ ಗಡೀಪಾರಿಗೆ ಅದೇ ಕಾರಣವಾಗಬಹುದು.

ಪೊಲೀಸರು ಕಾರು ನಿಲ್ಲಿಸಿದರೆ ಕೆಳಗಿಳಿಯಬೇಡಿ. ನಮ್ಮೂರಲ್ಲಿ ಇಳಿದು ಹೋಗುವುದು ಮರ್ಯಾದೆ, ಅಲ್ಲಿ ಅದು ಅವರಿಗೆ ಅಪಾಯದಂತೆ ಕಾಣುತ್ತದೆ. ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಕಾಗದ ಇದ್ದರೆ ಹೇಳಿ, ಅವರು ಹೂಂ ಅಂದ ಮೇಲೆ ನಿಧಾನವಾಗಿ ತೆಗೆಯಿರಿ. ದೀಪಾವಳಿಗೆ ಪಟಾಕಿ ಹಚ್ಚಲು ಊರಿನ ನಿಯಮ ಒಪ್ಪುತ್ತದೆಯೇ ನೋಡಿ, ಒಪ್ಪಿದರೂ ಅಕ್ಕಪಕ್ಕದವರಿಗೆ ಹಿಂದಿನ ದಿನವೇ ಹೇಳಿ. ಸರಪಟಾಕಿಯ ಸದ್ದನ್ನು ಗುಂಡಿನದೆಂದು ತಿಳಿದು ಯಾರಾದರೂ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿಯಾರು.