ತುಟಿ ಪ್ರಿಂಟ್ ತಗೊಂಡು ಮುಖದ ಬೆಳವಣಿಗೆ ಜೊತೆ ತಾಳೆ ನೋಡೋದು ಹೇಗೆ

ತುಮಕೂರಲ್ಲಿ ಬಿಡಿಎಸ್ (ಹಲ್ಲಿನ ಡಾಕ್ಟರ್ ಕೋರ್ಸ್) ಓದೋರು ಪ್ರಾಜೆಕ್ಟ್‌ಗೆ ಖರ್ಚು ಕಮ್ಮಿ ಇರೋದು ಏನಾದ್ರೂ ಹೇಳಿ ಅಂತಾರಲ್ಲ, ಅವ್ರಿಗೆ ಇದು ಸರಿಹೋಗುತ್ತೆ: ತುಟಿ ಮೇಲಿನ ಗೆರೆಗಳ ಅಚ್ಚು ತಗೊಂಡು, ಯಾವ ಥರದ ಗೆರೆ ಇರೋರಿಗೆ ಮುಖ ಯಾವ ಥರ ಬೆಳೆದಿದೆ ಅಂತ ನೋಡೋದು. ಮ್ಯಾಟ್ ಲಿಪ್‌ಸ್ಟಿಕ್, ಅಗಲದ ಸೆಲೋ ಟೇಪು, ಬಿಳಿ ಬಾಂಡ್ ಪೇಪರ್, ಒಂದು ಲೆನ್ಸು, ಅಷ್ಟೇ. ಹೊಳೆಯೋ ಲಿಪ್‌ಸ್ಟಿಕ್ ತರ್ಬೇಡಿ, ಗೆರೆ ಎಲ್ಲಾ ಮೆತ್ಕೊಂಡ್‌ಬಿಡುತ್ತೆ.

ಕೂತಿರೋ ಪೇಷೆಂಟ್ ಎಲೆ ಅಡಿಕೆ ಹಾಕೋರಾದ್ರೆ ಮೊದ್ಲು ಒದ್ದೆ ಹತ್ತಿಲಿ ತುಟಿ ಒರೆಸಿ ಒಣಗಕ್ಕೆ ಬಿಡಿ. ತುಟಿ ಒಡೆದಿದ್ರೆ, ಹುಣ್ಣಾಗಿದ್ರೆ, ಹೊಲಿಗೆ ಹಾಕಿರೋ ಗುರುತಿದ್ರೆ ಬೇಡ, ಡಿಸೆಂಬರ್ ಚಳೀಲಿ ಇಂಥವ್ರು ಜಾಸ್ತಿ ಸಿಗ್ತಾರೆ. ಲಿಪ್‌ಸ್ಟಿಕ್ ತೆಳ್ಳಗೆ ಒಂದೇ ಸಲ ಎಳೆದು, ತುಟಿಗೆ ತುಟಿ ಉಜ್ಜಕ್ಕೆ ಹೇಳಿ, ಎರಡು ನಿಮಿಷ ಸುಮ್ನೆ ಬಿಡಿ. ಹುಡುಗ್ರಿಗೆ ಲಿಪ್‌ಸ್ಟಿಕ್ ಅಂದ್ರೇನೇ ನಗು, ಪಕ್ಕದಲ್ಲಿ ಫ್ರೆಂಡ್ಸ್ ಇದ್ರಂತೂ ಮುಗೀತು, ನಕ್ಕಾಗ ತುಟಿ ಅಗಲಕ್ಕೆ ಎಳ್ಕೊಂಡು ಗೆರೆಗಳು ಹರಡ್ಕೊಳ್ತವೆ, ಹಾಗಾಗಿ ಫ್ರೆಂಡ್ಸ್‌ನ ಆಚೆ ಕಳ್ಸಿ, "ಬಾಯಿ ಮುಚ್ಕೊಂಡು ಆರಾಮಾಗಿ ಕೂತ್ಕೊಳಪ್ಪ" ಅನ್ನಿ. ಟೇಪನ್ನ ಮಧ್ಯಕ್ಕೆ ಮೊದ್ಲು ಒತ್ತಿ, ಆಮೇಲೆ ಎರಡೂ ಮೂಲೆ ಕಡೆಗೆ ಮೆಲ್ಲಗೆ ಒತ್ಕೊಂಡು ಹೋಗಿ, ಕಿತ್ತು ಪೇಪರ್‌ಗೆ ಅಂಟ್ಸಿ ನಂಬರ್ ಬರೀರಿ. ಹೆಸರು ಬರೀಬೇಡಿ.

ಪ್ರಿಂಟ್‌ನ ಗೆರೆ ಓದೋದಕ್ಕೆ 1970ರ ಸುಜುಕಿ-ತ್ಸುಚಿಹಾಶಿ ವರ್ಗೀಕರಣಾನೇ ಸಾಕು: ಮೇಲಿಂದ ಕೆಳಗಿನ್ತನಕ ನೇರ ಗೆರೆ ಟೈಪ್ 1, ಅದೇ ಅರ್ಧಕ್ಕೆ ನಿಂತ್ರೆ 1 ಡ್ಯಾಶ್, ಕವಲೊಡೆದ್ರೆ 2, ಒಂದನ್ನೊಂದು ದಾಟಿದ್ರೆ 3, ಬಲೆ ಥರ ಇದ್ರೆ 4, ಯಾವುದಕ್ಕೂ ಸೇರದೇ ಇರೋದು 5. ಒಂದೇ ತುಟೀಲಿ ಮೂರ್ನಾಲ್ಕು ಟೈಪ್ ಕಲಸಿ ಇರುತ್ವೆ, ಅದಕ್ಕೇ ಕೆಳತುಟಿ ನಡುವಿನ 10 ಮಿಲಿಮೀಟರ್ ಮಾತ್ರ ತಗೊಂಡು ಯಾವುದು ಹೆಚ್ಚಿದೆ ಅಂತ ಎಣಿಸ್ತಾರೆ.

ಇನ್ನು ಮುಖದ ಬೆಳವಣಿಗೆ. ಇದಕ್ಕೆ ಲ್ಯಾಟರಲ್ ಸೆಫಲೋಗ್ರಾಮ್, ಅಂದ್ರೆ ಪಕ್ಕದಿಂದ ತೆಗೆದ ತಲೆಯ ಎಕ್ಸ್‌ರೇ ಬೇಕು, ಆದ್ರೆ ಪ್ರಾಜೆಕ್ಟ್‌ಗೋಸ್ಕರ ಯಾರಿಗೂ ಎಕ್ಸ್‌ರೇ ಹೊಡೀಬೇಡಿ, ಹಲ್ಲಿಗೆ ಕ್ಲಿಪ್ ಹಾಕಿಸ್ಕೊಳ್ಳಕ್ಕೆ ಬಂದೋರದ್ದು ಹೇಗೂ ತೆಗೆದಿರ್ತಾರೆ, ಒಪ್ಪಿಗೆ ಸಹಿ ತಗೊಂಡು ಅದನ್ನೇ ಬಳಸಿ, 18 ತುಂಬದೇ ಇರೋರಾದ್ರೆ ಅಪ್ಪ ಅಮ್ಮನ ಸಹಿ. ಸೆಲ್ಲಾ (ತಲೆಬುರುಡೆ ತಳದ ನಡುವಿನ ಕುಳಿ)-ನೇಸಿಯಾನ್ (ಮೂಗಿನ ಬುಡ) ಗೆರೆಗೂ ಗೋನಿಯಾನ್ (ಕೆಳದವಡೆ ಮೂಲೆ)-ನೇಥಿಯಾನ್ (ಗದ್ದದ ತುದಿ) ಗೆರೆಗೂ ನಡುವಿನ ಕೋನ ಅಳೀರಿ. ಸ್ಟೈನರ್ ಅನ್ನೋ ಹಲ್ಲಿನ ತಜ್ಞರ ಲೆಕ್ಕದಲ್ಲಿ 32 ಡಿಗ್ರಿ ಸರಾಸರಿ, ಅದಕ್ಕಿಂತ ಚೆನ್ನಾಗಿ ಜಾಸ್ತಿ ಇದ್ರೆ ಉದ್ದಕ್ಕೆ ಬೆಳೆಯೋ ಮುಖ, ಕಮ್ಮಿ ಇದ್ರೆ ಅಡ್ಡಕ್ಕೆ.

ಪ್ರಿಂಟ್ ಓದೋರಿಗೆ ಎಕ್ಸ್‌ರೇ ತೋರಿಸ್ಲೇಬೇಡಿ, ಗೊತ್ತಿದ್ರೆ ಕಣ್ಣು ತಾನಾಗೇ ಆ ಕಡೆ ವಾಲುತ್ತೆ. ಎರಡು ವಾರ ಬಿಟ್ಟು ಒಂದಷ್ಟು ಪ್ರಿಂಟ್ ಮತ್ತೆ ಓದಿ, ಇನ್ನೊಬ್ರಿಗೂ ಕೊಟ್ಟು ಎರಡೂ ತಾಳೆ ಆಗುತ್ತಾ ನೋಡಿ. ನಂಟು ಕಂಡ್ರೂ "ತುಟಿ ನೋಡಿ ದವಡೆ ಹೇಳ್ಬೋದು" ಅಂತ ಬರೀಬೇಡಿ, ನಿಮ್ಮ ಗುಂಪಲ್ಲಿ ಯಾವ ಟೈಪ್ ಜೊತೆ ಯಾವ ಮುಖ ಹೆಚ್ಚು ಸಿಕ್ತು ಅನ್ನೋದಷ್ಟೇ ಬರೀರಿ.