ಅಡಿಕೆ ಹಂಡೆಯಲ್ಲಿ ಮಾವಿನಕಾಯಿಗೆ ಬಿಸಿನೀರು

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ತೋಟದ ಮೇಲಿನ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಲ್ಲಿ, ಆರು ಮಲ್ಲಿಕಾ ಮರಗಳಿವೆ. ನೀಲಂ ಮತ್ತು ದಶೇರಿ ಕೂಡಿಸಿದ ಈ ತಳಿ ತಡವಾಗಿ ಬಲಿಯುತ್ತದೆ. ನಮ್ಮಲ್ಲಿ ಕೊಯ್ಲಿಗೆ ಬರುವಷ್ಟರಲ್ಲಿ ಜೂನ್ ಆಗಿ, ಮಳೆ ಹಿಡಿದಿರುತ್ತದೆ. ಮೊದಲೆಲ್ಲ ಅರ್ಧದಷ್ಟು ಹಣ್ಣು, ಮಾಗಲೆಂದು ಮುಚ್ಚಿಟ್ಟ ಅಡೆಯಲ್ಲೇ ಕಪ್ಪು ಚುಕ್ಕೆ ಎದ್ದು ಕೊಳೆಯುತ್ತಿತ್ತು. ಅದನ್ನು ದನಕ್ಕೆ ಹಾಕುವಾಗ ನಿಜಕ್ಕೂ ಹೊಟ್ಟೆ ಉರಿಯುತ್ತಿತ್ತು.

ಇದು ಚಿಬ್ಬು ರೋಗ. ಅಡೆ ಹಾಕಿದ ಮೇಲೆ ಹತ್ತುವುದಲ್ಲ. ಮಿಡಿ ಇದ್ದಾಗಲೇ ಶಿಲೀಂಧ್ರ ಸಿಪ್ಪೆಯೊಳಗೆ ಹೊಕ್ಕು ಸುಮ್ಮನಿರುತ್ತದೆ, ಕಾಯಿ ಹಣ್ಣಾಗತೊಡಗಿದಾಗ ಎದ್ದು ಹರಡುತ್ತದೆ. ಹಾಗಾಗಿ ತೊಳೆದು ಒರೆಸಿದರೆ ಸಾಲದು, ಸಿಪ್ಪೆಯೊಳಕ್ಕೆ ಬಿಸಿ ಇಳಿಯಬೇಕು.

ಕೊಯ್ಯುವುದಕ್ಕೆ ಮಳೆ ಬಿಟ್ಟು ಎಲೆ ಆರಿದ ಹೊತ್ತು ನೋಡಿಕೊಳ್ಳಿ. ದೋಟಿಗೆ ಬಲೆ ಕಟ್ಟಿ, ಕಾಯಿ ನೆಲಕ್ಕೆ ಬೀಳದ ಹಾಗೆ, ತೊಟ್ಟು ಉದ್ದ ಇಟ್ಟೇ ಇಳಿಸಿ. ಆಮೇಲೆ ತೊಟ್ಟನ್ನು ಒಂದು ಸೆಂಟಿಮೀಟರಿಗೆ ಮುರಿದು, ಕೂಡಲೇ ಕಾಯಿಯನ್ನು ತಲೆಕೆಳಗಾಗಿ ಇಡಿ. ನಾನು ಹಳೆಯ ಕಬ್ಬಿಣದ ಜಾಲರಿಯ ಮೇಲೆ ಅರ್ಧ ಗಂಟೆ ಇಡುತ್ತೇನೆ. ಸೊನೆ ಸಿಪ್ಪೆಗೆ ತಾಗಿದರೆ ಸುಟ್ಟ ಕಲೆ ಬೀಳುತ್ತದೆ, ಅದು ಯಾವ ನೀರಿಗೂ ಹೋಗುವುದಿಲ್ಲ. ಬಲಿತದ್ದು ಹೌದೋ ಅಲ್ಲವೋ ಎಂದು ತಿಳಿಯಲು ಬಕೆಟ್ಟಿನ ತಣ್ಣೀರಿಗೆ ಹಾಕಿ. ಮುಳುಗಿದ್ದು ಬಲಿತದ್ದು. ತೇಲಿದ್ದನ್ನು ಉಪ್ಪಿನಕಾಯಿಗೆ ಎತ್ತಿಡಿ, ಹಣ್ಣಾಗಿಸಿದರೂ ರುಚಿ ಬರುವುದಿಲ್ಲ.

ಅಡಿಕೆ ಬೇಯಿಸುವ ಹಂಡೆ ಆ ತಿಂಗಳಲ್ಲಿ ಖಾಲಿ ಬಿದ್ದಿರುತ್ತದೆ. ಅಡಿಕೆ ಬೆಂದ ನೀರಿನ (ಚೊಗರಿನ) ಕಲೆ ಹೋಗುವ ತನಕ ಉಜ್ಜಿ ತೊಳೆದು, ಕಾಯಿಯ ತೂಕದ ಮೂರು ಪಟ್ಟಾದರೂ ನೀರು ತುಂಬಿ ಒಲೆ ಹಚ್ಚಿ. ಬೇಕಾದದ್ದು 52 ಡಿಗ್ರಿ ಸೆಲ್ಸಿಯಸ್, ಹತ್ತು ನಿಮಿಷ. ಕೈ ಅದ್ದಿ ಅಂದಾಜು ಮಾಡಬೇಡಿ, ಥರ್ಮಾಮೀಟರ್ ತರಲೇಬೇಕು. ಕಾಯಿ ಬಿದ್ದ ಕೂಡಲೇ ನೀರು ಒಂದೆರಡು ಡಿಗ್ರಿ ಇಳಿಯುವುದರಿಂದ ನಾನು 54ಕ್ಕೆ ಬಂದಾಗ ಕೆಂಡ ಹಿಂದಕ್ಕೆಳೆದು, ಕಾಯಿ ತುಂಬಿದ ಕುಕ್ಕೆಯನ್ನು ಮುಳುಗಿಸುತ್ತೇನೆ. ಎಲ್ಲ ಕಡೆ ಒಂದೇ ಬಿಸಿ ಇರಲಿ ಎಂದು ಕೋಲಿನಿಂದ ನೀರು ತಿರುವುತ್ತ ಇರಬೇಕು. ಒಂದು ವರ್ಷ ಫೋನು ಬಂತೆಂದು ಒಳಗೆ ಹೋಗಿ ಬರುವಷ್ಟರಲ್ಲಿ ನೀರು 58 ದಾಟಿತ್ತು. ಆ ಕುಕ್ಕೆಯ ಕಾಯಿಗಳ ಸಿಪ್ಪೆ ಕಂದಿತು, ಹಣ್ಣಾದ ಮೇಲೂ ಸಿಪ್ಪೆಯಡಿಯ ತಿರುಳು ಗಟ್ಟಿಯಾಗಿ ಹಿಟ್ಟುಹಿಟ್ಟಾಗಿತ್ತು. ಬಿಸಿ ಸರಿಯಿದ್ದರೆ ರುಚಿ ಕೆಡುವುದಿಲ್ಲ, ಬಣ್ಣ ಒಂದೇ ಸಮ ತಿರುಗುತ್ತದೆ.

ಈ ಕೆಲಸ ಕೊಯ್ದ ದಿನವೇ ಆಗಬೇಕು. ಮೊದಲ ಸಲ ನಾನು ನಾಲ್ಕನೇ ದಿನಕ್ಕೆ ಮಾಡಿ, ಏನೂ ಪ್ರಯೋಜನವಾಗದೆ ಬೇಜಾರು ಪಟ್ಟುಕೊಂಡಿದ್ದೆ. ಅಷ್ಟರಲ್ಲಿ ಚುಕ್ಕೆ ಎದ್ದಾಗಿತ್ತು.

ತೆಗೆದ ಮೇಲೆ ಶುದ್ಧವಾದ ಬಾವಿ ನೀರಲ್ಲಿ ತಣಿಸಿ, ಫ್ಯಾನಿನ ಗಾಳಿಗೆ ಪೂರ್ತಿ ಆರಿಸಿ. ನಮ್ಮತ್ತೆ ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದರು. ಬೇಸಿಗೆಯ ಕಾಟು ಮಾವಿಗೆ ಅದು ಒಳ್ಳೆಯದೇ. ಮಳೆಗಾಲದ ಹುಲ್ಲು ತಂಪು ಹಿಡಿದು ಬೂಸಲು ತರುತ್ತದೆ, ಅದಕ್ಕೇ ನಾನು ಗಾಳಿಯಾಡುವ ಅಟ್ಟದಲ್ಲಿ ಪೇಪರ್ ಹಾಸಿ ಒಂದೇ ಪದರಕ್ಕೆ ಹರಡುತ್ತೇನೆ. ಬೇಗ ಹಣ್ಣಾಗಬೇಕಿದ್ದರೆ ನಡುವೆ ಒಂದು ಚಿಪ್ಪು ಮಾಗಿದ ಬಾಳೆಹಣ್ಣು ಇಡಿ, ಅದರಿಂದ ಬರುವ ಎಥಿಲೀನ್ ಅನಿಲ ಸಾಕು. ಕಾರ್ಬೈಡ್ ಮಾತ್ರ ಮನೆಯೊಳಗೆ ತರಬೇಡಿ. ಕಾನೂನಿನಲ್ಲೇ ನಿಷೇಧವಿದೆ, ಅದರಲ್ಲಿ ಆರ್ಸೆನಿಕ್ ಅಂಶ ಇರಬಹುದು. ಅದನ್ನು ಹಾಕಿದರೆ ಎಳೆಗಾಯಿಯ ಸಿಪ್ಪೆ ಹಳದಿಯಾದರೂ ಒಳಗೆ ಹುಳಿಯೇ ಉಳಿಯುತ್ತದೆ.

ಕಾಯಿಯನ್ನು ಫ್ರಿಜ್ಜಿಗೆ ಇಡುವುದೂ ತಪ್ಪು. ಸುಮಾರು 13 ಡಿಗ್ರಿಗಿಂತ ಕೆಳಗೆ ಅದಕ್ಕೆ ಚಳಿ ಹೊಡೆದು ಸಿಪ್ಪೆ ಕಪ್ಪಾಗುತ್ತದೆ, ಆಮೇಲೆ ಸರಿಯಾಗಿ ಹಣ್ಣಾಗುವುದಿಲ್ಲ. ಪೂರ್ತಿ ಹಣ್ಣಾಗಿ ಘಮ ಬಂದ ಮೇಲೆ ಎರಡು ಮೂರು ದಿನ ಇಡಬಹುದು, ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ.