ಕಟ್ಟುವ ಮುಂಚಿನ ಅರ್ಧ ಗಂಟೆ

"ಕಟ್ಟಾಕ್‌ಬ್ಯಾಡಿ ಕಣಕ್ಕ, ಸುಮ್ಕಿರ್ತೀನಿ" ಅಂದಿದ್ದ ಮಂಡ್ಯ ಕಡೆಯ ಆ ಹುಡುಗ. 15 ವರ್ಷ. ಮೈಸೂರಿನ ಒಂದು ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ನರ್ಸ್ ಆದ ನನಗೆ ಆ ದಿನ ನೈಟ್ ಡ್ಯೂಟಿ. ಅವನು ಹಾಗೆ ಅನ್ನುವಷ್ಟರಲ್ಲಿ ಎಡಗೈಯನ್ನು ಮಂಚದ ಸರಳಿಗೆ ಬಿಗಿದಾಗಿತ್ತು. ಬಲಗೈಯನ್ನೂ ಕಟ್ಟಿದೆವು. ಬೆಳಿಗ್ಗೆ ಬಿಚ್ಚಿದಾಗ ಬ್ಯಾಂಡೇಜ್ ಬಟ್ಟೆಯ ನೇಯ್ಗೆ ಅವನ ಮಣಿಕಟ್ಟಿನ ಮೇಲೆ ಹಾಗೇ ಅಚ್ಚೊತ್ತಿತ್ತು. ಕೇಸ್ ಶೀಟಿನಲ್ಲಿ ನಾನು ಬರೆದದ್ದು ಒಂದೇ ಸಾಲು: 'ರೋಗಿ ಉದ್ರಿಕ್ತ, ಕೈ ಕಟ್ಟಲಾಯಿತು.' ಯಾಕೆ ಉದ್ರಿಕ್ತನಾದ ಅನ್ನುವುದು ಎಲ್ಲೂ ಇರಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ಓದಿದಾಗ ಆ ಸಾಲು ಮತ್ತೆ ನೆನಪಾಯಿತು. ಯಾರನ್ನೂ ಒಂಟಿಯಾಗಿ ಕೂಡಿಹಾಕುವಂತಿಲ್ಲ. ಕಟ್ಟುವುದೂ ಕಣ್ಣೆದುರಿನ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದಕ್ಕೆ ಮನೋವೈದ್ಯರ ಅನುಮತಿ ಬೇಕು, ಕಾರಣ ಮತ್ತು ಸಮಯ ಬರೆಯಬೇಕು, 24 ಗಂಟೆಯೊಳಗೆ ರೋಗಿಯ ಪ್ರತಿನಿಧಿಗೆ ತಿಳಿಸಬೇಕು. ಶಿಕ್ಷೆ ಅಂತ ಕಟ್ಟುವ ಹಾಗಿಲ್ಲ, ಸಿಬ್ಬಂದಿ ಕಡಿಮೆ ಅಂತಲೂ ಕಟ್ಟುವ ಹಾಗಿಲ್ಲ. ಆ ಕೊನೆಯ ಮಾತು ನೇರ ನನಗೇ ಹೇಳಿದಂತಿತ್ತು. ನಾವು ಎಷ್ಟೋ ರಾತ್ರಿ ಕಟ್ಟಿದ್ದು ಇಬ್ಬರೇ ಇದ್ದೆವು ಅನ್ನುವ ಕಾರಣಕ್ಕೆ.

ಒಂದು 200 ಪುಟದ ನೋಟ್‌ಬುಕ್ ತಂದೆ. ಯಾವುದೇ ಮಗು ಕೈ ಎತ್ತಿದರೆ, ತಟ್ಟೆ ಎಸೆದರೆ, ತಲೆ ಚಚ್ಚಿಕೊಂಡರೆ, ಅದರ ಹಿಂದಿನ ಅರ್ಧ ಗಂಟೆಯಲ್ಲಿ ಏನೇನಾಯಿತು ಅಂತ ಬರೆಯುವುದು. ಯಾರು ಏನಂದರು ಅನ್ನುವುದನ್ನೂ ಬಿಡದೆ. ಎರಡು ತಿಂಗಳಾದ ಮೇಲೆ ಕೂತು ಓದಿದರೆ ಹೆಚ್ಚಿನ ಗಲಾಟೆ ಸಂಜೆ 6ರಿಂದ 9ರೊಳಗೆ. 8ಕ್ಕೆ ನಮ್ಮ ಶಿಫ್ಟ್ ಬದಲು, ಎಲ್ಲರ ತಲೆಯೂ ರಿಜಿಸ್ಟರಿನೊಳಗೆ. ಕಾಫಿ ಆದಮೇಲೆ ಮಕ್ಕಳಿಗೆ ಮಾಡಲು ಏನೂ ಇಲ್ಲ. ಮನೆಗೆ ಫೋನ್ ಮಾಡಬೇಕು ಅಂತ ಕೇಳುವುದೂ ಆಗಲೇ. ಪುಟದಿಂದ ಪುಟಕ್ಕೆ ನನ್ನದೇ ಕೈಬರಹದಲ್ಲಿ ಒಂದೇ ಮಾತು: 'ಆಮೇಲೆ ನೋಡೋಣ ಅಂದೆ.'

ಆ ಮಾತನ್ನು ಬಿಟ್ಟೆವು. "ಊಟ ಆದಮೇಲೆ ಎಂಟೂವರೆಗೆ ಫೋನ್ ಕೊಡ್ತೀನಿ" ಅಂತ ಗಡಿಯಾರ ತೋರಿಸಿ ಹೇಳುವುದು, ಎಂಟೂವರೆಗೆ ಕೊಡುವುದು. ಬೇರೆ ಯಾವ ಬದಲಾವಣೆಗಿಂತ ಇದರಿಂದಲೇ ಹೆಚ್ಚು ಉಪಕಾರವಾಯಿತು ಅಂತ ನನ್ನ ನಂಬಿಕೆ. ಸಂಜೆ ಕೇರಂ ಬೋರ್ಡ್ ಹೊರಗೆ ಬಂತು, ಒಬ್ಬರು ಅಟೆಂಡರ್ ಮಕ್ಕಳ ಜೊತೆಯೇ ಕೂರತೊಡಗಿದರು.

ಇನ್ನೊಂದು ತಪ್ಪು ಅಮ್ಮಂದಿರ ವಿಷಯದಲ್ಲಿ. ಮಗು ಸಿಡಿದ ಕೂಡಲೇ "ನೀವು ಆಚೆ ಹೋಗಿಮ್ಮ" ಅನ್ನುತ್ತಿದ್ದೆವು. 18 ತುಂಬದವರ ಜೊತೆ ಮನೆಯವರೋ ಸಹಾಯಕರೋ ದಾಖಲಾದಷ್ಟೂ ದಿನ ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಕೆಲವು ಮಕ್ಕಳಿಗೆ ಅಮ್ಮ ಕಣ್ಮರೆಯಾದರೇ ಭಯ. ಕೆಲವರಿಗೆ ಅಮ್ಮನ ಮುಖ ನೋಡಿದರೇ ಸಿಟ್ಟು, ಅದೂ ನಿಜ. ಹಾಗಾಗಿ ದಾಖಲಾದ ದಿನವೇ ಮಗುವನ್ನೇ ಕೇಳಿ ಒಂದು ಚೀಟಿ ಬರೆಯುತ್ತೇವೆ: ಸಿಟ್ಟು ಬಂದಾಗ ಯಾರು ಹತ್ತಿರ ಇರಬೇಕು, ಏನು ಮಾಡಿದರೆ ಸಮಾಧಾನ. ಒಬ್ಬ 'ಕಾಲಿಗೆ ತಣ್ಣೀರು' ಅಂದ. ಒಬ್ಬಳು 'ಹಿಂದಿನಿಂದ ಯಾರೂ ಮುಟ್ಟಬಾರದು' ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ. ಎಲ್ಲ ಶಿಫ್ಟಿನವರಿಗೂ ತಿಳಿಸಿದೆ.

ಮೂಲೆಯ ಕೋಣೆಯ ಹೊರಚಿಲಕವನ್ನು ಬಡಗಿಯಿಂದ ತೆಗೆಸಿದೆವು. ಸ್ಕ್ರೂ ಇದ್ದ ನಾಲ್ಕು ತೂತು ಬಾಗಿಲ ಮೇಲೆ ಇನ್ನೂ ಇವೆ. ಒಳಗೆ ಈಗ ಚಾಪೆ, ದಿಂಬು. ಬೇಕಾದವರು ತಾವಾಗೇ ಹೋಗಿ ಕೂತು ಬರುತ್ತಾರೆ. ಇಂಜೆಕ್ಷನ್ ಟ್ರೇಯಲ್ಲಿ ಸದಾ ಇರುತ್ತಿದ್ದ ಕಟ್ಟುವ ಬಟ್ಟೆಯ ಸುರುಳಿಯನ್ನೂ ಬೀರುವಿಗೆ ಸೇರಿಸಿದೆ. ಕೈಗೆ ಸಿಕ್ಕರೆ ಕೈ ಅದನ್ನೇ ಎತ್ತಿಕೊಳ್ಳುತ್ತದೆ.

ಪೂರ್ತಿ ನಿಂತಿತು ಅಂದರೆ ಸುಳ್ಳಾದೀತು. ಒಬ್ಬ ಹುಡುಗಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತ ರಕ್ತ ಬಂದರೂ ನಿಲ್ಲಿಸಲಿಲ್ಲ. ಡಾಕ್ಟರ್ ಬಂದು ನೋಡಿ ಆದೇಶ ಬರೆದರು, ಕಟ್ಟಿದೆವು. ಅಂಗಾತ ಮಲಗಿಸಿ, ಎದೆಯ ಮೇಲೆ ಯಾರ ಭಾರವೂ ಬೀಳದ ಹಾಗೆ. ಬೋರಲು ಹಾಕಿ ಅದುಮಿದರೆ ಉಸಿರೇ ಕಟ್ಟಬಹುದು. ಪಕ್ಕದಲ್ಲೇ ಕೂತು ಬೆರಳ ಬಣ್ಣ, ಉಸಿರು, ನಾಡಿ ನೋಡುತ್ತಿದ್ದೆ. ಶಾಂತವಾಗುತ್ತಿದ್ದ ಹಾಗೆ ಒಂದೊಂದೇ ಗಂಟು ಬಿಚ್ಚಿದೆ. ಮಾರನೇ ದಿನ ಅವಳ ಜೊತೆ ಕೂತು ಕೇಳಿದೆ, ನಿನಗೆ ಹೇಗನ್ನಿಸಿತಮ್ಮ ಅಂತ. ತುಂಬ ಹೊತ್ತು ಬಿಟ್ಟು ಹೇಳಿದಳು: "ನೀವೆಲ್ಲ ಹಿಡ್ಕೊಂಡಾಗ ಯಾರೂ ನನ್ನ ಜೊತೆ ಮಾತಾಡ್ಲಿಲ್ಲ ಅಕ್ಕ. ನಿಮ್ಮ ನಿಮ್ಮಲ್ಲೇ ಮಾತಾಡ್ಕೊಂಡ್ರಿ."

ಅಂದಿನಿಂದ, ಎಷ್ಟೇ ಗಡಿಬಿಡಿ ಇರಲಿ, ಒಬ್ಬರು ಕೈಕಾಲು ಹಿಡಿಯುವ ಗೋಜಿಗೆ ಹೋಗದೆ ಮಗುವಿನ ತಲೆಯ ಬಳಿ ಕೂತು ಹೆಸರು ಹಿಡಿದು ಮಾತಾಡುತ್ತಲೇ ಇರಬೇಕು ಅಂತ ಮಾಡಿಕೊಂಡಿದ್ದೇವೆ. ಅದಕ್ಕೂ ಜನ ಬೇಕು. ಸಂಜೆ 6ರಿಂದ 9ಕ್ಕೆ ಇನ್ನೊಬ್ಬ ಸಿಸ್ಟರ್ ಕೊಡಿ ಅಂತ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಈ ವಾರ ಮತ್ತೆ ಬರೆಯುತ್ತೇನೆ, ನೋಟ್‌ಬುಕ್ಕಿನ ಲೆಕ್ಕವನ್ನೂ ಜೊತೆಗಿಟ್ಟು.